ಐರಿನ್ ಅಲ್ಲಿಯೇ ಇದ್ದಳು

ಕಣ್ಣಿನ ಫೀಲ್ಡ್ ಟೆಸ್ಟಿಗೆ ಹೋಗುವವರಿಗೆ ನಾನು ಹೇಳಬಹುದಾದದ್ದು ಒಂದೇ ಮಾತು: ಕಾಣದ್ದಕ್ಕೆ ಬಟನ್ ಒತ್ತಬೇಡಿ. ಇದೇನು ದೊಡ್ಡ ವಿಷಯ, ಕಾಣದಿದ್ದರೆ ಯಾರಾದರೂ ಒತ್ತುತ್ತಾರಾ ಎಂದು ನೀವು ಕೇಳಬಹುದು. ನಾನು ಒತ್ತಿದೆ.

ಅದು ಮೂರು ವರ್ಷದ ಹಿಂದಿನ ಮಾತು. ಕಿಟಕಿಯಿಲ್ಲದ ಸಣ್ಣ ಕೋಣೆ, ಮೈ ಕೊರೆಯುವ ಎಸಿ. ಗದ್ದವನ್ನು ಒಂದು ತಟ್ಟೆಯ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ತಾಗಿಸಿ ಕೂರಬೇಕು. ಎದುರಿಗೆ ದೊಡ್ಡ ಬಿಳಿ ಬೋಗುಣಿಯ ಒಳಮೈಯಂಥದ್ದು. ಅದರ ಮಧ್ಯದ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಆಚೀಚೆ ಎಲ್ಲಾದರೂ ಸಣ್ಣ ಬೆಳಕು ಮಿಂಚಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. ಅಷ್ಟೇ. ಟೆಸ್ಟ್ ಮಾಡುವ ಹುಡುಗಿಯ ಹೆಸರು ಸಫಿಯಾ. "ಅಂದಾಜಿಗೆ ಒತ್ಲಿಕ್ಕೆ ಇಲ್ಲ ಆಯ್ತಾ ಮೇಡಂ, ಕಂಡ್ರೆ ಮಾತ್ರ" ಎಂದು ಹೇಳಿ ಲೈಟ್ ಆರಿಸಿದಳು.

ನಾನು ಹದಿನೈದು ವರ್ಷ ಬ್ಯಾಡ್ಮಿಂಟನ್ ಡಬಲ್ಸ್ ಆಡಿದವಳು. ಅದರಲ್ಲಿ ಆರು ವರ್ಷ ಬೆನ್ನ ಮೇಲೆ ದೇಶದ ಹೆಸರಿದ್ದ ಅಂಗಿ ಹಾಕಿಕೊಂಡು ಹೊರಗಿನ ಊರುಗಳಲ್ಲಿ ಆಡಿದ್ದೇನೆ. ಡಬಲ್ಸಿನಲ್ಲಿ ಶಟಲ್ ಕಂಡ ಮೇಲೆ ಹೊಡೆಯುತ್ತೇನೆ ಎಂದು ಕೂತರೆ ಅದು ಎದೆಗೆ ಬಂದು ಬಡಿದಿರುತ್ತದೆ. ಎದುರಿನವಳ ಭುಜ ತಿರುಗುವಾಗಲೇ, ಅದು ಎಲ್ಲಿಗೆ ಬರುತ್ತದೆ ಎಂದು ತಿಳಿದು ರ‍್ಯಾಕೆಟ್ ಮುಂದೆ ಹೋಗಿರಬೇಕು. ಆ ಯಂತ್ರಕ್ಕೂ ಒಂದು ತಾಳ ಉಂಟು. ಒಳಗೆ ಏನೋ ಕಿರ್ ಎನ್ನುತ್ತದೆ, ಚೂರು ಬಿಡುವು, ಆಮೇಲೆ ಬೆಳಕು. ಎರಡು ನಿಮಿಷದಲ್ಲಿ ಅದರ ತಾಳ ನನ್ನ ಹೆಬ್ಬೆರಳಿಗೆ ಹಿಡಿಯಿತು. ಕಿರ್ ಎಂದ ಕೂಡಲೇ ಒತ್ತುತ್ತಾ ಹೋದೆ. ಮೋಸ ಮಾಡಬೇಕೆಂದಲ್ಲ. ಬಿಡುವುದು ಹೇಗೆಂದು ನನ್ನ ಕೈಗೆ ಗೊತ್ತಿರಲಿಲ್ಲ.

"ಎಲ್ಲ ಸಿಕ್ತಾ?" ಎಂದು ಹೊರಗೆ ಬಂದು ಕೇಳಿದೆ, ಸ್ಕೋರ್ ಕೇಳುವ ಹಾಗೆ.

ಸಫಿಯಾ ಪ್ರಿಂಟ್ ಬಂದ ಹಾಳೆ ನೋಡಿದಳು. "ಮೇಡಂ, ಬೆಳಕು ಬಾರದ್ದಕ್ಕೂ ಒತ್ತಿದ್ದೀರಿ. ಇದು ಲೆಕ್ಕಕ್ಕೆ ಹಿಡೀಲಿಕ್ಕೆ ಆಗುದಿಲ್ಲ. ಇನ್ನೊಮ್ಮೆ ಕೂತ್ಕೊಳ್ತೀರಾ?"

ನಾಲ್ಕು ಗಂಟೆಗೆ ಮಕ್ಕಳ ಕೋಚಿಂಗ್ ಉಂಟು, ಇನ್ನೊಂದು ದಿನ ಬರುತ್ತೇನೆ ಎಂದೆ. ಆ ಇನ್ನೊಂದು ದಿನ ಬರಲು ಒಂದೂವರೆ ವರ್ಷ ಹಿಡಿಯಿತು.

ಅಷ್ಟರಲ್ಲಿ ನಮ್ಮ ದೇರೆಬೈಲಿನ ಮನೆಯ ಗೇಟಿನ ಕಂಬಕ್ಕೆ ನನ್ನ ಸ್ಕೂಟರ್ ಎರಡು ಸಲ ಉಜ್ಜಿತು. ಅಡುಗೆಮನೆಯಲ್ಲಿ ಅತ್ತೆ ಕುಳಿತುಕೊಳ್ಳುವ ಮಣೆಗೆ ಎಡವಿ ಒಮ್ಮೆ ಗಂಜಿಯ ಪಾತ್ರೆ ಸಮೇತ ಬಿದ್ದೆ. ಮದುವೆಗೆ ಹೋದರೆ, ಪಕ್ಕದಿಂದ ಯಾರೋ ಕೈ ಚಾಚಿದ್ದು ನನಗೆ ತಿಳಿಯುತ್ತಿರಲಿಲ್ಲವಂತೆ. "ದೊಡ್ಡ ಪ್ಲೇಯರ್ ಅಲ್ವಾ, ನಾವೆಲ್ಲ ಅವಳ ಕಣ್ಣಿಗೆ ಎಲ್ಲಿ ಕಾಣುದು" ಎಂದು ನಾದಿನಿಯ ಮನೆಯವರು ಆಡಿಕೊಂಡರು. ಅವರು ಹೇಳಿದ್ದು ಅಕ್ಷರಶಃ ನಿಜವೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೊನೆಗೆ ನನ್ನನ್ನು ಆ ಕೋಣೆಗೆ ವಾಪಸ್ಸು ಕಳಿಸಿದ್ದು ಧನ್ವಿ ಎಂಬ ಹತ್ತು ವರ್ಷದ ಮಗು. ಬೆಳಗಿನ ಬ್ಯಾಚಿನಲ್ಲಿ ಬ್ಯಾಕ್‌ಹ್ಯಾಂಡ್ ತೋರಿಸಿಕೊಡುತ್ತಿದ್ದೆ. ಪಕ್ಕದಲ್ಲಿ ಯಾರೂ ಇಲ್ಲ ಎಂದು ನೋಡಿಯೇ ಬೀಸಿದ್ದು. ರ‍್ಯಾಕೆಟಿನ ಅಂಚು ಮಗುವಿನ ಹುಬ್ಬಿನ ಮೇಲೆ ಬಿತ್ತು. ರಕ್ತ ಬಂತು. "ನೀನು ಎಲ್ಲಿಂದ ಬಂದದ್ದು ಮಗಾ?" ಎಂದು ನಾನೇ ಗದರಿದೆ. ಧನ್ವಿ ಹಣೆ ಒತ್ತಿ ಹಿಡಿದುಕೊಂಡು, "ನಾನು ಇಲ್ಲಿಯೇ ಇದ್ದೆ ಟೀಚರ್" ಎಂದಳು. ಅಳುವುದನ್ನು ತಡೆದುಕೊಂಡು, ತನ್ನದೇ ತಪ್ಪೇನೋ ಎನ್ನುವ ಹಾಗೆ ಹೇಳಿದಳು.

ಆ ಮಾತು ಇದಕ್ಕೆ ಮೊದಲು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಆಗ ನೆನಪಾಗಲಿಲ್ಲ.

ಎರಡನೆಯ ಸಲ ನನ್ನ ಗಂಡನೂ ಜೊತೆಗೆ ಬಂದರು. ಇವರಿಗೆ ಹಂಪನಕಟ್ಟೆಯಲ್ಲಿ ವಾಚ್ ರಿಪೇರಿಯ ಸಣ್ಣ ಅಂಗಡಿ ಉಂಟು. ಒಂದು ದಿನವೂ ಬಾಗಿಲು ಹಾಕದವರು ಆ ದಿನ ಹಾಕಿ ಬಂದಿದ್ದರು. ಕಾಯುವ ಹಾಲಿನಲ್ಲಿ ನಮಗೆಲ್ಲ ಪಾಪೆ ಅಗಲವಾಗುವ ಮದ್ದು ಬಿಟ್ಟು ಸಾಲಾಗಿ ಕೂರಿಸಿದ್ದರು. ಗೋಡೆಯ ಮೇಲೆ ಟೋಕನ್ ನಂಬರ್ ಬರುತ್ತಿತ್ತು, ಓದುವುದಕ್ಕೆ ಒಬ್ಬರಿಗೂ ಆಗುವುದಿಲ್ಲ. ನನ್ನ ಪಕ್ಕದ ಅಜ್ಜ ಆಚೆಯವರನ್ನು ಕೇಳಿದರು, "ನಂಬರ್ ಎಷ್ಟಾಯ್ತು, ಕಾಣ್ತದಾ ನಿಮಗೆ?"

"ನನಗೆ ಕಾಣುದಾದ್ರೆ ಇಲ್ಲಿಗೆ ಎಂತಕ್ಕೆ ಬರ್ತಿದ್ದೆ ಮಾರಾಯ್ರೇ?" ಎಂದರು ಅವರು.

ಸಾಲು ಪೂರ್ತಿ ನಕ್ಕಿತು. ಆ ದಿನ ನಾನು ನಕ್ಕದ್ದು ಅದೊಂದೇ ಸಲ.

ಸಫಿಯಾ ನನ್ನನ್ನು ಮರೆತಿರಲಿಲ್ಲ. "ಇವತ್ತು ಗೆಲ್ಲಿಕ್ಕೆ ಇಲ್ಲ ಮೇಡಂ" ಎಂದು ಹೇಳಿ, ಟೆಸ್ಟ್ ಮುಗಿಯುವ ತನಕ ಒಂದು ಕೈಯನ್ನು ನನ್ನ ಭುಜದ ಮೇಲೆ ಇಟ್ಟಿದ್ದಳು. ಯಂತ್ರ ಕಿರ್ ಎನ್ನುತ್ತಿತ್ತು, ನನ್ನ ಹೆಬ್ಬೆರಳು ಏಳುತ್ತಿತ್ತು, ಬೆಳಕು ಇರುತ್ತಿರಲಿಲ್ಲ. ಏಳುವ ಹೆಬ್ಬೆರಳನ್ನು ತಡೆಯುವುದು ಎಷ್ಟು ಕಷ್ಟ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಕೊನೆಗೆ ಕೊಟ್ಟ ಹಾಳೆಯಲ್ಲಿ ಕಣ್ಣಿಗೊಂದರಂತೆ ಎರಡು ವೃತ್ತ, ಎರಡೂ ಕಪ್ಪು. ಮಧ್ಯದಲ್ಲಿ ಬಾಟಲಿಯ ಮುಚ್ಚಳದಷ್ಟು ಬಿಳಿ, ನನಗೆ ಕಾಣುವುದು ಅಷ್ಟೇ.

ಡಾಕ್ಟರ್ ಕಾಯಿಲೆಯ ಹೆಸರು ಹೇಳಿದರು. ರೆಟಿನೈಟಿಸ್ ಪಿಗ್ಮೆಂಟೋಸಾ. ಇವರು ಅಂಗಡಿಯ ಚೀಟಿಯ ಹಿಂದೆ ಅದನ್ನು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು.

"ಮದ್ದು?" ಎಂದು ಕೇಳಿದರು.

"ನಿಮ್ಮವರಿಗೆ ಕೊಡುವಂಥದ್ದು ಸದ್ಯಕ್ಕೆ ಇಲ್ಲ."

"ಆಪರೇಷನ್?"

"ಇಲ್ಲ."

"ಕನ್ನಡಕ ಎಂತಾದ್ರೂ ದಪ್ಪದ್ದು?"

ಡಾಕ್ಟರ್ ತಲೆ ಅಲ್ಲಾಡಿಸಿದರು. ಇವರು ಕೇಳುವುದು ಒಂದೊಂದು ಮೆಟ್ಟಿಲು ಕೆಳಗಿಳಿದು ಕೊನೆಗೆ "ಕ್ಯಾರೆಟ್?" ಎಂಬಲ್ಲಿಗೆ ಬಂದು ನಿಂತಿತು. ನೋಟ ಬದಿಯಿಂದ ಹೋಗುತ್ತಾ ಹೋಗುತ್ತದೆ, ಮಧ್ಯದ್ದು ಎಷ್ಟು ವರ್ಷ ಉಳಿಯುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ, ಉಳಿಯುತ್ತದೆ ಎಂದೂ ಹೇಳುವುದಿಲ್ಲ ಎಂದರು ಡಾಕ್ಟರ್. ನಾನು ಮೊದಲ ಸಲವೇ ಸರಿಯಾಗಿ ಟೆಸ್ಟ್ ಮಾಡಿಸಿಕೊಂಡಿದ್ದರೆ? "ಆಗಲೂ ಇದನ್ನೇ ಹೇಳ್ತಿದ್ದೆ. ಸ್ಕೂಟರ್ ಓಡಿಸ್ಬೇಡಿ ಅಂತ ಮಾತ್ರ ಮೊದಲೇ ಹೇಳ್ತಿದ್ದೆ." ಧನ್ವಿಯ ಹುಬ್ಬು ನನ್ನ ಎದುರಿಗೆ ಬಂತು.

ಆಮೇಲೆ ನಾನೊಂದು ಕೇಳಿದೆ. "ಇದು ನಾನು ಆಡುವಾಗಲೇ ಇದ್ದಿರಬಹುದಾ?"

"ಸಣ್ಣವರಿದ್ದಾಗ ಕತ್ತಲಲ್ಲಿ ತಡವರಿಸ್ತಿದ್ರಾ?"

ಸಿನಿಮಾ ಥಿಯೇಟರಿನ ಒಳಗೆ ಅಮ್ಮನ ಸೆರಗು ಬಿಟ್ಟರೆ ನಾನು ಅಲ್ಲೇ ನಿಂತು ಕೂಗುತ್ತಿದ್ದೆ. ಪುಕ್ಕಲಿ ಎಂದು ಮನೆಯವರೆಲ್ಲ ನಗುತ್ತಿದ್ದರು. ಅದನ್ನು ಹೇಳಿದೆ.

"ಹಾಗಾದ್ರೆ ಮೂವತ್ತರ ಹೊತ್ತಿಗೆ ಬದಿಯ ನೋಟ ಸುಮಾರು ಹೋಗಿರ್ಬೇಕು. ಮನುಷ್ಯನಿಗೆ ಅದು ಗೊತ್ತಾಗುದಿಲ್ಲ. ಅಲ್ಲಿ ಕಪ್ಪು ಕಾಣುದಲ್ಲ ನೋಡಿ. ಅಲ್ಲಿ ಯಾರೂ ಇಲ್ಲ ಅಂತ ಕಾಣ್ತದೆ."

ಆಗ ನೆನಪಾಯಿತು, ಧನ್ವಿ ಹೇಳಿದ ಆ ಮಾತು ಮೊದಲು ಎಲ್ಲಿ ಕೇಳಿದ್ದೆಂದು.

ಐರಿನ್ ನನ್ನ ಜೊತೆಗಾತಿ. ಕಾಟಿಪಳ್ಳದವಳು, ಮನೆಮಾತು ಕೊಂಕಣಿ. ನನ್ನೊಟ್ಟಿಗೆ ಆಡಿ ಆಡಿ ನನಗಿಂತ ಚೆನ್ನಾಗಿ ತುಳುವಿನಲ್ಲಿ ಬೈಯುತ್ತಿದ್ದಳು. ಹನ್ನೊಂದು ವರ್ಷ ನಾವು ಜೋಡಿ. ಡಬಲ್ಸಿನಲ್ಲಿ ಮಧ್ಯಕ್ಕೆ ಬಂದ ಶಟಲ್ ಯಾರದ್ದು ಎನ್ನುವುದೇ ಸಂಸಾರ. ನಮ್ಮಲ್ಲಿ ಎಡಕ್ಕೆ ನಿಂತವಳದ್ದು ಎಂದು ಕಟ್ಟಳೆ ಮಾಡಿಕೊಂಡಿದ್ದೆವು, ಅವಳಿಗೆ ಅದು ಬಲಗೈಗೆ ಸಲೀಸಾಗಿ ಸಿಗುತ್ತದೆ. ಸಂಶಯ ಬಂದರೆ "ಎನ್ನ!" ಎಂದು ಕೂಗುವುದು. ತುಳುವಿನಲ್ಲಿ ನನ್ನದು ಎಂದು. ಜಗತ್ತಿನ ಯಾವ ಎದುರಾಳಿಗೂ ಅದು ಅರ್ಥವಾಗುವುದಿಲ್ಲ ಎಂದು ನಮಗೆ ಜಂಬ.

ಹದಿನೆಂಟು ವರ್ಷದ ಹಿಂದೆ, ಮಲೇಷಿಯಾದಲ್ಲಿ ಒಂದು ಟೂರ್ನಮೆಂಟಿನ ಎರಡನೆಯ ಸುತ್ತು. ಕೊನೆಯ ಗೇಮ್, ಹತ್ತೊಂಬತ್ತು ಹತ್ತೊಂಬತ್ತು. ನಾನು ಬಲಕ್ಕೆ, ಐರಿನ್ ಎಡಕ್ಕೆ. ಸ್ಮ್ಯಾಷ್ ಮಧ್ಯಕ್ಕೆ ಬಂತು. ಕಣ್ಣಂಚಿನಲ್ಲಿ ನೋಡಿದರೆ ಐರಿನ್ ಅಲ್ಲಿಲ್ಲ. ಅಯ್ಯೋ, ಮಧ್ಯ ಖಾಲಿ ಬಿಟ್ಟಳಲ್ಲ ಎಂದು ನಾನು ನುಗ್ಗಿದೆ. ಎರಡು ರ‍್ಯಾಕೆಟ್ ತಾಗಿದ ಸದ್ದು. ಮುಂದಿನ ಪಾಯಿಂಟಿನಲ್ಲಿಯೂ ಅದೇ ಆಯಿತು. ಈ ಸಲ ನನ್ನ ರ‍್ಯಾಕೆಟ್ ಅವಳ ಬೆರಳಿನ ಗೆಣ್ಣಿಗೆ ಬಿತ್ತು. ಮ್ಯಾಚ್ ಹೋಯಿತು.

ಕೋರ್ಟಿನ ಬದಿಯಲ್ಲಿ ಕೈ ಒತ್ತಿಕೊಂಡು ಐರಿನ್ ಹೇಳಿದಳು, "ನಾನು ಅಲ್ಲಿಯೇ ಇದ್ದೆ, ಶಶಿ."

"ಇರ್ಲಿಲ್ಲ ನೀನು" ಎಂದೆ.

ಊರಿಗೆ ಬಂದ ಮೇಲೆ ಕೋಚ್ ನನ್ನನ್ನು ಒಬ್ಬಳನ್ನೇ ಕರೆದು ಕೇಳಿದರು. "ಅವಳು ಜಾಗದಲ್ಲಿ ಇರುದಿಲ್ಲ ಸರ್, ಕಾಲು ನಿಧಾನ ಆಗಿದೆ" ಎಂದೆ. ನಾನು ಕಂಡದ್ದನ್ನು ಹೇಳಿದೆ. ಮುಂದಿನ ಪಟ್ಟಿಯಲ್ಲಿ ಐರಿನ್ ಹೆಸರಿರಲಿಲ್ಲ. ನನಗೆ ಹೈದರಾಬಾದಿನ ಒಬ್ಬಳನ್ನು ಜೋಡಿ ಮಾಡಿದರು. ಆ ಹುಡುಗಿ ಪ್ರತಿ ಶಟಲಿಗೂ ಕಿವಿ ಹರಿಯುವ ಹಾಗೆ ಕಿರುಚುತ್ತಿದ್ದಳು. ಅವಳ ಸದ್ದು ಹಿಡಿದು ಇನ್ನೆರಡು ವರ್ಷ ಆಡಿದೆ. ಈಗ ಯೋಚಿಸಿದರೆ, ಆ ಎರಡು ವರ್ಷ ನಾನು ಆಡಿದ್ದು ಕಿವಿಯಿಂದ.

ಮನೆಯಲ್ಲಿ ಅತ್ತೆ ಮೊದಲ ವಾರ ಬೆಳಿಗ್ಗೆ ನಂದಿಬಟ್ಟಲು ಹೂ ನೀರಿನಲ್ಲಿ ಹಾಕಿಟ್ಟು ಕಣ್ಣು ತೊಳೆಯಿಸಿದರು. ಬೇಡ ಎನ್ನಲಿಲ್ಲ, ತಂಪಾಗುತ್ತದೆ. ಎರಡನೆಯ ವಾರ ಅವರೇ ಅದನ್ನು ನಿಲ್ಲಿಸಿ, ಮಣೆಯನ್ನು ಎತ್ತಿ ಗೋಡೆಯ ಮೊಳೆಗೆ ನೇತುಹಾಕಿದರು. ನಲ್ವತ್ತು ವರ್ಷದಿಂದ ಅಡುಗೆಮನೆಯ ನಡುವೆ ಇದ್ದ ಮಣೆ ಅದು. ಈಗ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಸಳೆ ಕೊಯ್ಯುತ್ತಾರೆ, ಸೊಂಟ ನೋವು ಎಂದು ಗೊಣಗುತ್ತಾರೆ. ಇವರು ಹಿಂದಿನ ಮೆಟ್ಟಿಲುಗಳ ಅಂಚಿಗೆ ಸುಣ್ಣ ಬಳಿದರು. ಬಿಳಿ ಗೆರೆ ಒಳ್ಳೆ ಕೋರ್ಟಿನ ಗೆರೆಯ ಹಾಗೆ ಕಾಣುತ್ತಿತ್ತು, ಮಳೆಗಾಲ ಬರುವ ತನಕ.

"ಹೆದರುವಂಥದ್ದು ಎಂತ ಉಂಟು?" ಎಂದು ಒಂದು ದಿನ ಇವರು ಸಮಾಧಾನ ಹೇಳಿದರು. "ನಾನು ದಿನಾ ಬೆಳಗಿಂದ ಸಂಜೆವರೆಗೆ ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿ ಕೂತುಕೊಳ್ಳುದಲ್ವಾ? ವಾಚಿನ ಚಕ್ರ ಬಿಟ್ರೆ ಎಂತ ಸಹ ಕಾಣುದಿಲ್ಲ. ಅಭ್ಯಾಸ ಆಗ್ತದೆ. ಮತ್ತೆ ಸಂಜೆ ತೆಗೆದು ಡ್ರಾಯರಿನಲ್ಲಿ..." ಎದ್ದು ಹೋಗಿ ಆಗಲೇ ಮುಚ್ಚಿದ್ದ ಗ್ಯಾಸ್ ಸಿಲಿಂಡರಿನ ವಾಲ್ವ್ ಇನ್ನೊಮ್ಮೆ ಮುಚ್ಚಿ ಬಂದರು.

ಕೋಚಿಂಗ್ ಬಿಟ್ಟೆ, ಸ್ಕೂಟರ್ ಮಾರಿದೆವು. ಕಣ್ಣು ಹೋಗುತ್ತದೆ ಎಂಬ ಭಯಕ್ಕಿಂತ ಐರಿನ್‌ಗೆ ಹೇಳಬೇಕು ಎಂಬುದು ಹೆಚ್ಚು ಭಾರವಾಯಿತು. "ಹೇಳಿ ಎಂತ ಪ್ರಯೋಜನ?" ಎಂದರು ಇವರು. "ಅವರ ಆ ವರ್ಷ ವಾಪಸ್ಸು ಬರ್ತದಾ? ನಿನಗೆ ಹಗುರ ಆಗ್ಲಿಕ್ಕೆ ಅವರಿಗೆ ಭಾರ ಮಾಡುದಾ?" ಆದರೆ ಎದುರು ಕೂತವರ ಮುಖ ನನಗೆ ಕಾಣುತ್ತಿತ್ತು, ಅವರ ಕಿವಿ ಆಗಲೇ ಕಾಣುತ್ತಿರಲಿಲ್ಲ. ಇನ್ನು ಕಾದರೆ ಅವಳ ಮುಖ ನೋಡದೆ ಹೇಳಬೇಕಾಗುತ್ತದೆ. ಅದು ಇನ್ನೂ ಹೇಡಿತನ ಎನ್ನಿಸಿತು.

ಒಂದು ಮಧ್ಯಾಹ್ನ ಬಸ್ಸು ಹಿಡಿದು ಕಾಟಿಪಳ್ಳಕ್ಕೆ ಹೋದೆ. ಐರಿನ್ ಮನೆಯ ಜಗಲಿಯಲ್ಲಿ ಹೊಲಿಗೆ ಮೆಷಿನ್ ಎದುರು ಕೂತಿದ್ದಳು. ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ. ಸುತ್ತ ನೀಲಿ ಲಂಗಗಳ ರಾಶಿ. ನಮ್ಮ ಮಾತು ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ಓಹೋ, ಯಾರಿದು! ದಾರಿ ತಪ್ಪಿತಾ?" ಎಂದಳು. "ಹೋದ ವರ್ಷ ಮದುವೆ ಹಾಲಿನಲ್ಲಿ ಕೈ ಎತ್ತಿದೆ, ನೋಡದ ಹಾಗೆ ಹೋದಿ. ಇವತ್ತು ಮನೆಗೇ ಬಂದಿ!"

ನಾನು ಚಾ ಬರುವ ಮೊದಲೇ ಹೇಳಿಬಿಟ್ಟೆ. ಕಾಯಿಲೆಯ ಹೆಸರು, ಟೆಸ್ಟ್, ಕಪ್ಪು ಹಾಳೆ, ಡಾಕ್ಟರ್ ಹೇಳಿದ ಮಾತು, ಮಲೇಷಿಯಾ. ಕೋಚಿಗೆ ನಾನು ಹೇಳಿದ್ದನ್ನೂ ಹೇಳಿದೆ.

ಐರಿನ್ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ. ಪೋಣಿಸಿ ಆದ ಮೇಲೆ ಎದ್ದು ನನ್ನ ಮುಂದೆ ನಿಂತಳು. "ಎದುರು ನೋಡು. ಕಣ್ಣು ತಿರುಗಿಸ್ಬೇಡ. ಈಗ ಕಾಣ್ತೇನಾ?"

"ಕಾಣ್ತಿ."

ಎಡಕ್ಕೆ ಒಂದು ಹೆಜ್ಜೆ ಇಟ್ಟಳು. "ಈಗ?"

"ಇಲ್ಲ."

"ಸುಳ್ಳು ಹೇಳ್ಬೇಡ. ಒಂದೇ ಹೆಜ್ಜೆ ಇಟ್ಟದ್ದು ಮಾರಾಯ್ತಿ."

"ಇಲ್ಲ ಐರಿನ್. ಕಾಣುದಿಲ್ಲ."

ಅವಳು ಅಲ್ಲಿಯೇ ನಿಂತಿದ್ದಾಳೋ ಒಳಗೆ ಹೋದಳೋ ಗೊತ್ತಾಗಲಿಲ್ಲ. ನಾನು ಕತ್ತು ತಿರುಗಿಸಲಿಲ್ಲ. ಆಮೇಲೆ ಆ ಕಡೆಯಿಂದಲೇ ಮಾತು ಬಂತು.

"ಅಂದ್ರೆ ನಾನು ಅಲ್ಲಿ ಇದ್ದೆ."

"ಇದ್ದಿ."

"ಮಧ್ಯದಲ್ಲಿ."

"ಹೌದು."

ಅವಳು ಬಂದು ಕುರ್ಚಿಯಲ್ಲಿ ಕೂತಳು. ಬಲಗೈಯ ಉಂಗುರದ ಬೆರಳು ಗೆಣ್ಣಿನಲ್ಲಿ ಇನ್ನೂ ಸೊಟ್ಟ. "ನಿನಗೊಂದು ಗೊತ್ತುಂಟಾ? ನಾನು ನಿನ್ನ ಮಾತು ನಂಬಿದ್ದೆ" ಎಂದಳು. "ನೀನು ಸುಳ್ಳು ಹೇಳುವವಳಲ್ಲ. ಹಾಗಾಗಿ ನನ್ನ ಕಾಲೇ ಸುಳ್ಳು ಹೇಳುದು ಅಂತ ಎಣಿಸಿದೆ. ಮಗಳು ರೀಮಾ ಆರನೇ ಕ್ಲಾಸಿನಲ್ಲಿ ರ‍್ಯಾಕೆಟ್ ಬೇಕು ಅಂತ ಅತ್ತಳು. ನಮ್ಮ ಕುಟುಂಬದ ಕಾಲು ನಿಧಾನ ಮಗಾ, ಅದು ನಮಗಲ್ಲ ಅಂದೆ. ಕೀಬೋರ್ಡ್ ಕ್ಲಾಸಿಗೆ ಸೇರಿಸಿದೆ. ಅವಳಿಗೆ ಅದು ಬರುದಿಲ್ಲ. ಈಗ ಪಿಯುಸಿ."

ಬಾಗಿಲ ಹಿಂದೆ ಮೂಲೆಯಲ್ಲಿ, ಹೊದಿಕೆ ಹಾಕಿದ ಕೀಬೋರ್ಡ್ ಇತ್ತು. ನೋಡಲು ನಾನು ತಲೆ ಪೂರ್ತಿ ತಿರುಗಿಸಬೇಕಾಯಿತು.

"ನನ್ನದು ತಪ್ಪಾಯ್ತು" ಎಂದೆ.

"ಕಣ್ಣು ಕಾಣದ್ದಕ್ಕೆ ನಿನ್ನದೆಂತ ತಪ್ಪು? ಅದು ದೇವರು ಕೊಟ್ಟದ್ದು." ಲಂಗದ ಮಡಿಕೆ ನೇರ ಮಾಡಿದಳು. "ಆದ್ರೆ ಒಂದು ಕೇಳ್ತೇನೆ. ನಾನು ಅಲ್ಲಿಯೇ ಇದ್ದೆ ಅಂತ ಹೇಳಿದೆ ಅಲ್ವಾ? ಕೋರ್ಟಿನ ಬದಿಯಲ್ಲೇ, ಬಾಯಿಬಿಟ್ಟು ಹೇಳಿದೆ. ಹನ್ನೊಂದು ವರ್ಷ ಒಟ್ಟಿಗೆ ಆಡಿದವಳು ಹೇಳಿದ್ದು. ಕಿವಿಗೆ ಎಂತ ಆಗಿತ್ತು ನಿನಗೆ?"

ನಾನು ಬಸ್ಸಿನಲ್ಲಿ ಬರುವಾಗ ಅವಳು ಏನೇನು ಕೇಳಬಹುದು ಎಂದು ಎಲ್ಲ ಊಹಿಸಿ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಇದು ಅದರಲ್ಲಿ ಇರಲಿಲ್ಲ.

ಮತ್ತೆ ಅವಳು ಮೆಷಿನ್ ಓಡಿಸಿದಳು. ಒಂದು ಲಂಗ ಮುಗಿಯಿತು, ಇನ್ನೊಂದು ಮುಗಿಯಿತು. ಚಾ ಕೊಟ್ಟಳು, ಕುಡಿದೆ. ಬೆಳಕು ಇಳಿಯುತ್ತಿದ್ದಂತೆ ಅವಳೇ ಎದ್ದು, "ಕತ್ತಲಾದ್ರೆ ನಿನಗೆ ಆಗುದಿಲ್ಲ ಅಲ್ವಾ, ನಡಿ" ಎಂದಳು. ಬಸ್ ಸ್ಟಾಪಿನ ತನಕ ನನ್ನ ಎಡ ಮೊಣಕೈ ಹಿಡಿದು ನಡೆದಳು. ಅವಳ ಹೆಜ್ಜೆ ನನಗಿಂತ ಚುರುಕಾಗಿತ್ತು. ಬಸ್ಸು ಬಂದಾಗ ಕಂಡಕ್ಟರಿಗೆ ಜೋರಾಗಿ ಹೇಳಿದಳು, "ಇವರಿಗೆ ಬದಿ ಕಾಣುದಿಲ್ಲ. ಇಳಿಯುವಾಗ ಕೈ ಕೊಡಿ ಆಯ್ತಾ. ದೇರೆಬೈಲ್."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದ್ದಾರು. ಅಷ್ಟು ದಿನ ಮನೆಯ ಹೊರಗೆ ಯಾರಿಗೂ ಹೇಳದೆ ಮುಚ್ಚಿಟ್ಟ ವಿಷಯ. ಕಿಟಕಿಯಿಂದ ನೋಡಿದೆ, ಅವಳು ಎಲ್ಲಿ ನಿಂತಿದ್ದಾಳೆಂದು ಹುಡುಕುವಷ್ಟರಲ್ಲಿ ಬಸ್ಸು ಹೊರಟಿತು.

ಅದಾಗಿ ಎಂಟು ತಿಂಗಳಾಯಿತು. ನಾನು ಎರಡು ಸಲ ಫೋನ್ ಮಾಡಿದೆ, ಐರಿನ್ ಎತ್ತಲಿಲ್ಲ. ಮೂರನೆಯ ಸಲ ಮಾಡಲಿಲ್ಲ. ಇವರು "ನಾನು ಹೇಳಿದೆ ಅಲ್ವಾ" ಎನ್ನಲಿಲ್ಲ, ಅದೊಂದು ದೊಡ್ಡ ಉಪಕಾರ.

ಇಂಥ ಬರಹಗಳ ಕೊನೆಗೆ ಧೈರ್ಯದ ಮಾತು ಬೇಕು ಎಂದು ಗೊತ್ತು. ನನ್ನ ಹತ್ತಿರ ಅದು ಇಲ್ಲ. ಈ ಕಾಯಿಲೆ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಯಾರಾದರೂ ನಿಮಗೆ ಓದಿ ಹೇಳುತ್ತಿದ್ದರೆ, ಮಣೆಯನ್ನು ಗೋಡೆಗೆ ನೇತುಹಾಕಿಸಿ. ಮೆಟ್ಟಿಲಿಗೆ ಸುಣ್ಣ ಬೇಡ, ಬಿಳಿ ಪೇಂಟ್ ಹೊಡೆಸಿ. ಪಕ್ಕದಲ್ಲಿದ್ದೆ ಎಂದು ಯಾರಾದರೂ ಹೇಳಿದರೆ ನಂಬಿ. ಇಷ್ಟೇ ನನಗೆ ಗೊತ್ತಿರುವುದು.

ಹೋದ ವಾರ ಮತ್ತೆ ಟೆಸ್ಟ್ ಇತ್ತು. ಬಿಳಿ ಈಗ ಅಂಗಿಯ ಗುಂಡಿಯಷ್ಟು. ಅದು ಆಮೇಲೆ ತಿಳಿದದ್ದು. ಒಳಗೆ ಕೂತಾಗ ಯಂತ್ರ ಮೊದಲಿನ ಹಾಗೆಯೇ ಕಿರ್ ಎನ್ನುತ್ತಿತ್ತು, ಬಿಡುವು ಕೊಡುತ್ತಿತ್ತು, ಮತ್ತೆ ಕಿರ್ ಎನ್ನುತ್ತಿತ್ತು. ಬೆಳಕು ಎಲ್ಲೋ ಬಂದು ಹೋಗುತ್ತಿದ್ದಿರಬೇಕು. ಹೆಬ್ಬೆರಳನ್ನು ಬಟನ್ನಿನ ಮೇಲೆ ಇಟ್ಟು, ಒತ್ತದೆ ಕೂತಿದ್ದೆ. ತುಂಬ ಹೊತ್ತಾದ ಮೇಲೆ ಸಫಿಯಾಳ ಸ್ವರ ಕೇಳಿತು.

"ಮೇಡಂ, ನಿದ್ದೆ ಬಂತಾ?"

"ಇಲ್ಲಮ್ಮ, ಎಚ್ಚರ ಇದ್ದೇನೆ" ಎಂದೆ. "ನೀನು ಮಾಡು."